ಆಪ್ತ ಸಮಾಲೋಚಕರು ಸ್ವಂತ ಫಲಕ ಹಾಕಬಹುದೇ?

ತಿಪಟೂರು: ಕೊಬ್ಬರಿ ಧಾರಣೆ ಕುಸಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬೆಳೆಗಾರರ ಮನೆಗೆ ಸಾಲದ ಜತೆಗೆ ನಿದ್ದೆಗೆಡಿಸುವ ಚಿಂತೆಯೂ ಕಾಲಿಡುತ್ತದೆ. ಮನೋವೈದ್ಯರಿಗಾಗಿ ದೂರದ ನಗರಕ್ಕೆ ಹೋಗಲಾಗದವರು ಸಮೀಪದ ಆಪ್ತ ಸಮಾಲೋಚಕರನ್ನು ಅವಲಂಬಿಸಬಹುದೇ? ಅವರಿಗೆ ಸ್ವತಂತ್ರವಾಗಿ ವೃತ್ತಿ ನಡೆಸುವ ಅಧಿಕಾರ ಉಂಟೇ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಶುಶ್ರೂಷಕರು ಮೊದಲಾದವರನ್ನು ಮಾತ್ರ ವೃತ್ತಿಪರರೆಂದು ಗುರುತಿಸಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅಗತ್ಯ. ಸಾಮಾನ್ಯ ಸಮಾಲೋಚಕರು ಈ ಪಟ್ಟಿಯಲ್ಲಿಲ್ಲ.

ಈ ಕೊರತೆಗೆ ಉತ್ತರವಾಗಿ ಬಂದದ್ದು 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ. ಇದು ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ಸಮಾಜ ಕಾರ್ಯಕರ್ತರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. ಆರೋಗ್ಯ ಆರೈಕೆ ವೃತ್ತಿಪರರೆನಿಸಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು. ಸಹವರ್ತಿ ವೃತ್ತಿಪರರಿಗೆ 2,000 ಗಂಟೆ ಸಾಕು. ಅಲ್ಪಾವಧಿ ತರಬೇತಿಯ ಪ್ರಮಾಣಪತ್ರವೊಂದೇ ಇದಕ್ಕೆ ಸಾಲದು.

ಪರವಾನಗಿಗೂ ಎಲ್ಲೆಯಿದೆ. ತಮ್ಮ ವೃತ್ತಿಕ್ಷೇತ್ರ ಅನುಮತಿಸದ ಔಷಧ ಅಥವಾ ಚಿಕಿತ್ಸೆಯನ್ನು ಮಾನಸಿಕ ಆರೋಗ್ಯ ವೃತ್ತಿಪರರೂ ಸೂಚಿಸುವಂತಿಲ್ಲ ಎಂದು 2017ರ ಕಾಯ್ದೆ ಹೇಳುತ್ತದೆ.

ಆದರೆ ವೈದ್ಯರಲ್ಲದವರ ಸೇವೆ ನಿಷ್ಪ್ರಯೋಜಕವೇನಲ್ಲ. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ನಡೆಸಿದ ಸ್ಕಿಜೋಫ್ರೇನಿಯಾ ಸಮುದಾಯ ಕಾರ್ಯಕ್ರಮದಲ್ಲಿ ಅಂಥ ಕಾರ್ಯಕರ್ತರ ನೆರವನ್ನೂ ಪಡೆಯಲಾಗಿತ್ತು. ಅಲ್ಲಿ ಮನೋವೈದ್ಯರ ಮಾರ್ಗದರ್ಶನವಿತ್ತು. ಒಂಟಿಯಾಗಿ ಫಲಕ ಹಾಕಿದವರಿಗೆ ಅದಿರುವುದಿಲ್ಲ. ನೋಂದಣಿಯ ಮಹತ್ವ ಇರುವುದೇ ಇಲ್ಲಿ.

ಆದ್ದರಿಂದ ಶುಲ್ಕ ತೆರುವ ಮುನ್ನ ವಿದ್ಯಾರ್ಹತೆ ಹಾಗೂ ನೋಂದಣಿ ಸಂಖ್ಯೆಯನ್ನು ಕೇಳುವುದು ಒಳಿತು. ತುರ್ತು ನೆರವಿಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯ.