ಜೀಪಿನ ಇಂಜಿನ್ ಬದಲಿಸುವ ಮುನ್ನ

ಹಳೇ ಪೆಟ್ರೋಲ್ ಜೀಪು ತೋಟದ ಏರಿನಲ್ಲಿ ಟ್ರೈಲರ್ ಎಳೆಯೋದಿಲ್ಲ, ಡೀಸೆಲ್ ಇಂಜಿನ್ ಕೂರಿಸಿದರೆ ಹೇಗೆ ಅಂತ ನನ್ನಲ್ಲಿ ಕೇಳುವವರುಂಟು.

ಲೋಡು ಎಳೆಯಲು ಅಶ್ವಶಕ್ತಿ ಮಾತ್ರ ನೋಡಿದರೆ ಸಾಲದು, ತಿರುಗಿಸುವ ಬಲ ನೋಡಬೇಕು. ಲೆಕ್ಕ ಸುಲಭ. ಅಶ್ವಶಕ್ತಿಯನ್ನು 716ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಭಾಗಿಸಿ. 60 ಅಶ್ವಶಕ್ತಿ 4000 ಸುತ್ತಿನಲ್ಲಿ ಸಿಕ್ಕಿದರೆ ಬಲ ಸುಮಾರು 10.7 ಕಿಲೋಗ್ರಾಂ-ಮೀಟರ್, 2000 ಸುತ್ತಿನಲ್ಲೇ ಸಿಕ್ಕಿದರೆ 21.5. ನಿಧಾನ ತಿರುಗುವ ಡೀಸೆಲ್ಲಿನ ಗುಟ್ಟು ಇದೇ. ಆದರೆ ಗೇರು, ಆಕ್ಸಲ್ ಹಳತೇ ಉಳಿದರೆ ಗರಿಷ್ಠ ವೇಗವೂ ಅರ್ಧಕ್ಕೆ ಇಳೀತದೆ.

ಹಾಗಾಗಿ ಮೊದಲು ಇರುವ ಲೋ ಗೇರ್ ಬಳಸಿ ನೋಡಿ. ಹಳೇ ವಿಲ್ಲಿಸ್ ಮಾದರಿಯಲ್ಲಿ ನಾಲ್ಕೂ ಚಕ್ರ ಸೇರಿಸಿ ಇದನ್ನು ಹಾಕಿದರೆ ಚಕ್ರದ ಬಲ ಸುಮಾರು ಎರಡೂವರೆ ಪಟ್ಟಾಗ್ತದೆ, ಕಾಸು ಖರ್ಚಿಲ್ಲದೆ.

ಅದೂ ಸಾಲದಿದ್ದರೆ ಇಂಜಿನ್ ವಿಚಾರ. ಆಗ ಕ್ಲಚ್, ರೇಡಿಯೇಟರ್, ಮುಂದಿನ ಸ್ಪ್ರಿಂಗ್ ಪ್ಲೇಟು ಎಲ್ಲವೂ ಅದಕ್ಕೆ ತಕ್ಕಂತಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು. ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಓ ಒಪ್ಪಿಗೆ ಕೇಳಿ.

ಇನ್ನೊಂದು ಮಾತು. ಏರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡಬಹುದು. ಇಳಿಜಾರಿನಲ್ಲಿ ನಿಲ್ಲದ ಗಾಡಿಗೆ ಏನು ಕೊಡೋಣ? ಹೆಚ್ಚು ಲೋಡು ಎಳೆಯುವ ಮೊದಲು ಬ್ರೇಕು ಸರಿಮಾಡಿಸಿ.