ಕಿಸೆಯ ಹಾಡುಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ನಮ್ಮ ಪರಿಚಯದ ಕಾಲೇಜು ವಿದ್ಯಾರ್ಥಿಯೊಬ್ಬನು ಬಹುದಿನಗಳಿಂದ ಕೂಡಿಟ್ಟ ಹಣದಲ್ಲಿ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಎಂಪಿ3 ಪ್ಲೇಯರನ್ನು ಕೊಂಡು ತಂದನು. ಮೊಬೈಲ್ ಫೋನಿನಲ್ಲಿಯೇ ಹಾಡು ಕೇಳಬಹುದಲ್ಲವೆ ಎಂದು ನಾವು ಕೇಳಿದುದಕ್ಕೆ, ಓದಲು ಕುಳಿತಾಗ ಫೋನನ್ನು ದೂರವಿಡುವ ಸಲುವಾಗಿಯೇ ಇದನ್ನು ಕೊಂಡೆನೆಂದು ಉತ್ತರವಿತ್ತನು. ಅವನ ಮನೆಯ ಗಣಕಯಂತ್ರ ಹಳೆಯದು. ಲಿನಕ್ಸ್ ವ್ಯವಸ್ಥೆಯಿಂದ ನಡೆಯುವಂಥದು. ಪ್ಲೇಯರನ್ನು ಅದಕ್ಕೆ ಜೋಡಿಸಿದಾಗ ಬ್ಯಾಟರಿಯೇನೋ ತುಂಬತೊಡಗಿತು. ಆದರೆ ಹಾಡುಗಳನ್ನು ಹಾಕಲು ಬೇಕಾದ ಡಿಸ್ಕು ಪರದೆಯ ಮೇಲೆ ಎಲ್ಲಿಯೂ ಕಾಣಲಿಲ್ಲ. ಅಂಗಡಿಯವರು ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. ತನ್ನ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಅವನು ಪರಿತಪಿಸಿದನು.

ದೋಷವು ಪ್ಲೇಯರಿನಲ್ಲಿತ್ತೆ, ಲಿನಕ್ಸಿನಲ್ಲಿತ್ತೆ? ಎರಡರಲ್ಲಿಯೂ ಇರಲಿಲ್ಲ. ಎರಡು ಯಂತ್ರಗಳು ಪರಸ್ಪರ ಮಾತನಾಡುವ ರೀತಿಯಲ್ಲಿ ಹೊಂದಾಣಿಕೆ ಇರಲಿಲ್ಲ, ಇಷ್ಟೆ. ಆ ರೀತಿಯನ್ನು ಅರಿತವನು ಅಲ್ಪ ಬೆಲೆಯಲ್ಲಿಯೇ ಒಳ್ಳೆಯ ಯಂತ್ರವನ್ನು ಆರಿಸಬಲ್ಲನು. ಅರಿಯದವನು ಹೆಚ್ಚು ಬೆಲೆ ತೆತ್ತೂ ಮೋಸಹೋಗಬಹುದು.

ಲಿನಕ್ಸಿನ ತಿರುಳನ್ನು 1991ರಲ್ಲಿ ಬರೆಯತೊಡಗಿದವನು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್. ಅದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ತೆರೆದು ನೋಡಬಹುದು, ತಿದ್ದಬಹುದು. ಆದರೆ ಪ್ಲೇಯರುಗಳನ್ನು ತಯಾರಿಸುವ ಕಂಪನಿಗಳು ತಮ್ಮ ಸಹಾಯಕ ತಂತ್ರಾಂಶವನ್ನು ಸಾಮಾನ್ಯವಾಗಿ ವಿಂಡೋಸ್ ಮತ್ತು ಮ್ಯಾಕ್ ಗಣಕಗಳಿಗೆ ಮಾತ್ರ ಸಿದ್ಧಪಡಿಸುತ್ತವೆ. ಆದುದರಿಂದ ಅಂಥ ತಂತ್ರಾಂಶದ ಹಂಗಿಲ್ಲದೆ ಕೆಲಸ ಮಾಡುವ ಪ್ಲೇಯರೇ ನಮಗೆ ಬೇಕಾದುದು.

ಹಾಡು ಅಂಕಿಯಾಗುವ ಬಗೆ

ಮೊದಲು ಎಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬುದನ್ನು ಲೆಕ್ಕ ಹಾಕೋಣ. ಸಿ.ಡಿ. ತಟ್ಟೆಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿರುತ್ತಾರೆ. ಎಡಗಿವಿಗೊಂದು, ಬಲಗಿವಿಗೊಂದು ಎಂದು ಎರಡು ಸಾಲುಗಳಾದರೆ ಸೆಕೆಂಡಿಗೆ 14,11,200 ಬಿಟ್‌ಗಳಾದುವು. 5 ನಿಮಿಷಗಳ ಒಂದು ಹಾಡಿಗೆ ಸುಮಾರು 53 ಮೆಗಾಬೈಟ್ ಸ್ಥಳ ಬೇಕು.

ಜಾತ್ರೆಯಲ್ಲಿ ಡೊಳ್ಳು ಬಡಿಯುತ್ತಿರುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸುವುದಿಲ್ಲ. ಹಾಗೆಯೇ ಪ್ರಬಲವಾದ ಸ್ವರವೊಂದು ತನ್ನ ನೆರೆಯ ದುರ್ಬಲ ಸ್ವರಗಳನ್ನು ಮರೆಮಾಡುತ್ತದೆ. ಕಿವಿಗೆ ಕೇಳಿಸದ ಇಂಥ ಅಂಶಗಳನ್ನು ಬರೆದಿಡುವ ಅಗತ್ಯವೇನು? ಈ ತತ್ತ್ವದ ಮೇಲೆ ರೂಪುಗೊಂಡ ಎಂಪಿ3 ವಿಧಾನದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪಾತ್ರ ದೊಡ್ಡದು. ಸೆಕೆಂಡಿಗೆ 1,28,000 ಬಿಟ್‌ಗಳ ದರದಲ್ಲಿ ಬರೆದರೆ ಅದೇ ಹಾಡು 4.8 ಮೆಗಾಬೈಟಿನಲ್ಲಿ ಅಡಗುತ್ತದೆ. ಎಂದರೆ ಹನ್ನೊಂದರಲ್ಲಿ ಒಂದು ಪಾಲು!

ಈ ದರದಂತೆ 8 ಗಿಗಾಬೈಟ್‌ಗಳಲ್ಲಿ 138 ಗಂಟೆಗಳಿಗೂ ಮಿಗಿಲಾದ ಸಂಗೀತ ಹಿಡಿಯುತ್ತದೆ. ದಿನಕ್ಕೊಂದು ಗಂಟೆಯಂತೆ ಕೇಳಿದರೆ ನಾಲ್ಕೂವರೆ ತಿಂಗಳ ಕಾಲ ಒಂದು ಹಾಡೂ ಮರುಕಳಿಸದು. ಹೀಗಿರುವಲ್ಲಿ ಬರಿಯ ವಿಸ್ತಾರಕ್ಕೆ ಮರುಳಾಗಿ ಹೆಚ್ಚಿನ ಹಣ ತೆರಬೇಕಾದುದಿಲ್ಲ.

ಮೂರು ಬಗೆಯ ಗ್ರಂಥಾಲಯಗಳು

ಪ್ಲೇಯರನ್ನು ಒಂದು ಗ್ರಂಥಾಲಯವೆಂದೂ ಹಾಡುಗಳನ್ನು ಪುಸ್ತಕಗಳೆಂದೂ ಭಾವಿಸೋಣ. ಮೊದಲನೆಯ ಬಗೆಯಲ್ಲಿ ಕಪಾಟುಗಳೆಲ್ಲ ತೆರೆದಿರುತ್ತವೆ. ಗಣಕವು ನೇರವಾಗಿ ಒಳಹೊಕ್ಕು ತನಗೆ ಬೇಕಾದುದನ್ನು ಇಡಬಹುದು, ತೆಗೆಯಬಹುದು. ಇದಕ್ಕೆ ಯುಎಸ್‌ಬಿ ಮಾಸ್ ಸ್ಟೋರೇಜ್ ಎಂದು ಹೆಸರು. ಕೆಲವು ಪ್ಲೇಯರುಗಳ ಪರದೆಯ ಮೇಲೆ ಎಂಎಸ್‌ಸಿ ಎಂದು ಕಾಣಿಸುತ್ತದೆ. ಪೆನ್‌ಡ್ರೈವ್ ಕೆಲಸ ಮಾಡುವುದು ಹೀಗೆಯೇ. ಲಿನಕ್ಸ್ ಗಣಕಕ್ಕೆ ಇಂಥ ಪ್ಲೇಯರು ಒಂದು ಸಾಮಾನ್ಯ ಡಿಸ್ಕಾಗಿ ಕಾಣುವುದರಿಂದ ಬೇರಾವ ಸಿದ್ಧತೆಯೂ ಬೇಡ.

ಎರಡನೆಯ ಬಗೆಯಲ್ಲಿ ಓದುಗನು ಕಪಾಟನ್ನು ಮುಟ್ಟುವಂತಿಲ್ಲ. ಚೀಟಿ ಬರೆದುಕೊಟ್ಟರೆ ಒಳಗಿನ ಸೇವಕನು ಪುಸ್ತಕವನ್ನು ತಂದುಕೊಡುತ್ತಾನೆ. ಇದು ಎಂಟಿಪಿ. ಮೈಕ್ರೋಸಾಫ್ಟ್ ಕಂಪನಿಯು ರೂಪಿಸಿದ ಈ ವಿಧಾನವು 2008ರಲ್ಲಿ ಯುಎಸ್‌ಬಿ ಮಾನಕಗಳ ಸಾಲಿಗೆ ಸೇರಿತು. ಆಂಡ್ರಾಯ್ಡ್ ಫೋನುಗಳೂ ಗಣಕದೊಡನೆ ಕಡತಗಳನ್ನು ಹಂಚಿಕೊಳ್ಳುವುದು ಹೀಗೆಯೇ. ಲಿನಕ್ಸಿನಲ್ಲಿ ಲಿಬ್‌ಎಂಟಿಪಿ ಎಂಬ ತಂತ್ರಾಂಶ ಭಂಡಾರವು ಈ ಚೀಟಿಯ ಭಾಷೆಯನ್ನು ಬಲ್ಲುದು. ಅದು ಇಲ್ಲದ ಗಣಕದಲ್ಲಿ ಪ್ಲೇಯರಿನೊಳಗಣ ಹಾಡುಗಳು ಕಾಣಿಸವು.

ಮೂರನೆಯದು ವಿಚಿತ್ರವಾದುದು. ಇಲ್ಲಿ ಕಪಾಟು ತೆರೆದಿದ್ದರೂ ಪುಸ್ತಕಪಟ್ಟಿಯಲ್ಲಿ ದಾಖಲಾಗದ ಪುಸ್ತಕವು ಗ್ರಂಥಾಲಯದ ಪಾಲಿಗೆ ಇಲ್ಲವೇ ಇಲ್ಲ. 2001ರಲ್ಲಿ ಹೊರಬಂದ ಆಪಲ್ ಕಂಪನಿಯ ಐಪಾಡ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರೊಳಕ್ಕೆ ಹಾಡನ್ನು ಬರಿದೆ ನಕಲು ಮಾಡಿದರೆ ಅದು ನುಡಿಯದು. ಐಟ್ಯೂನ್ಸ್ ತಂತ್ರಾಂಶವು ಒಂದು ಪ್ರತ್ಯೇಕ ಪಟ್ಟಿಯಲ್ಲಿ ಹಾಡನ್ನು ನಮೂದಿಸಬೇಕಾಗಿತ್ತು. ಲಿನಕ್ಸ್ ಬಳಗದವರು ಆ ಪಟ್ಟಿಯ ರಚನೆಯನ್ನು ಪರಿಶೋಧಿಸಿ ಜಿಟಿಕೆಪಾಡ್ ಮೊದಲಾದ ಸಾಧನಗಳನ್ನು ರಚಿಸಿದರು. 2007ರ ಹೊಸ ಮಾದರಿಗಳಲ್ಲಿ ಪಟ್ಟಿಗೆ ಒಂದು ಗುಪ್ತ ಮುದ್ರೆಯನ್ನು ಸೇರಿಸಲಾಯಿತು. ಅಲ್ಪಕಾಲದಲ್ಲಿಯೇ ಅದರ ಮರ್ಮವನ್ನೂ ಅವರು ಭೇದಿಸಿದರು. ಇದು ಬುದ್ಧಿಯ ಗೆಲವೆಂಬುದು ನಿಜ. ಆದರೆ ಹಾಡು ಕೇಳಬಯಸುವ ವಿದ್ಯಾರ್ಥಿಗೆ ಇಷ್ಟು ಪ್ರಯಾಸವೇಕೆ? ಐಪಾಡುಗಳ ತಯಾರಿಕೆ 2022ರಲ್ಲಿ ನಿಂತಿದ್ದರೂ ಹಳೆಯವು ಇಂದಿಗೂ ಕೈಬದಲಾಗುತ್ತಿರುವುದರಿಂದ ಈ ಮಾತನ್ನು ನೆನಪಿನಲ್ಲಿಡುವುದು ಲೇಸು.

ಹಾಡನ್ನು ಬರೆದಿರುವ ಲಿಪಿ

ಪುಸ್ತಕ ಕೈಗೆ ಬಂದರೆ ಸಾಲದು. ಅದರ ಲಿಪಿ ಗೊತ್ತಿರಬೇಕು. ಎಂಪಿ3 ಲಿಪಿಯನ್ನು ಈ ಜಾತಿಯ ಪ್ಲೇಯರುಗಳೆಲ್ಲ ಓದುತ್ತವೆ. ಅದರ ಪೇಟೆಂಟುಗಳ ಪರವಾನಗಿ ವ್ಯವಹಾರವು 2017ರಲ್ಲಿ ಕೊನೆಗೊಂಡಿತು. ಅದಕ್ಕೆ ಮೊದಲೇ, ಯಾರ ಅಪ್ಪಣೆಯೂ ಬೇಡದ ಲಿಪಿಗಳೆಂದು ಫ್ಲಾಕ್ 2001ರಲ್ಲಿಯೂ ಓಗ್ ವೋರ್ಬಿಸ್ 2002ರಲ್ಲಿಯೂ ತಮ್ಮ ಮೊದಲ ಪೂರ್ಣ ಆವೃತ್ತಿಗಳನ್ನು ಕಂಡುವು. ಫ್ಲಾಕ್ ಧ್ವನಿಯ ಒಂದಂಶವನ್ನೂ ಕಳೆಯದೆ ಗಾತ್ರವನ್ನು ತಗ್ಗಿಸುತ್ತದೆ. ಲಿನಕ್ಸ್ ಬಳಸುವವರಲ್ಲಿ ಇವೆರಡೂ ಪ್ರಚಾರದಲ್ಲಿರುವುದರಿಂದ ಪ್ಲೇಯರಿನ ಪೆಟ್ಟಿಗೆಯ ಮೇಲೆ ಇವುಗಳ ಹೆಸರಿದೆಯೇ ಎಂದು ನೋಡಬೇಕು.

ಇನ್ನೊಂದು ಜಾತಿಯ ಹಾಡುಗಳಿವೆ. ಅವುಗಳಿಗೆ ಬೀಗವುಂಟು, ಬೀಗದ ಕೈ ಮಾರಿದವರ ಬಳಿಯಲ್ಲಿ! 2008ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಹಾಡುಗಳಿಗೆ ಬೀಗದ ಕೈ ಒದಗಿಸುತ್ತಿದ್ದ ಗಣಕಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆ ಬಳಿಕ ಹೊಸ ಗಣಕಕ್ಕೆ ಹಾಡನ್ನು ಒಯ್ಯಲಾಗದೆಂದು ಗ್ರಾಹಕರು ಪ್ರತಿಭಟಿಸಿದ ಮೇಲೆ ಅದನ್ನು ಮುಂದೂಡಿತು. ಹಣ ಕೊಟ್ಟ ಮಾತ್ರಕ್ಕೆ ವಸ್ತು ನಮ್ಮದಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕಾರ್ಡು, ಕನ್ನಡದ ಹೆಸರು

ಮೈಕ್ರೋ ಎಸ್‌ಡಿ ಕಾರ್ಡಿಗೆ ಜಾಗವಿರುವ ಪ್ಲೇಯರು ಲಿನಕ್ಸ್ ಬಳಸುವವನಿಗೆ ಆಪತ್ಕಾಲದ ಮಿತ್ರ. ತಂತಿಯ ಮೂಲಕ ಮಾತುಕತೆ ನಡೆಯದಿದ್ದರೆ ಕಾರ್ಡನ್ನು ಹೊರತೆಗೆದು, ಕಾರ್ಡ್ ರೀಡರಿನಲ್ಲಿಟ್ಟು ಹಾಡುಗಳನ್ನು ತುಂಬಬಹುದು. 32 ಗಿಗಾಬೈಟ್‌ವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಕ್ರಮದಲ್ಲಿಯೂ, ಅದಕ್ಕೂ ದೊಡ್ಡವು ಎಕ್ಸ್‌ಫ್ಯಾಟ್ ಕ್ರಮದಲ್ಲಿಯೂ ಬರುತ್ತವೆ. ಲಿನಕ್ಸಿನ ತಿರುಳು 2019ರ 5.4ನೆಯ ಆವೃತ್ತಿಯಿಂದ ಎಕ್ಸ್‌ಫ್ಯಾಟನ್ನು ತಾನೇ ಓದಬಲ್ಲುದು. ಆದರೆ ಹಳೆಯ ಪ್ಲೇಯರುಗಳಲ್ಲಿ ಅನೇಕವು ಓದಲಾರವು. ಆದುದರಿಂದ ಅಂಥವಕ್ಕೆ ಚಿಕ್ಕ ಕಾರ್ಡೇ ಕ್ಷೇಮ.

ಹಾಡಿಗೆ ಕನ್ನಡದಲ್ಲಿ ಹೆಸರಿಟ್ಟರೆ ಆ ಹೆಸರು ಕಾರ್ಡಿನಲ್ಲಿ ಕೆಡದೆ ಉಳಿಯುತ್ತದೆ. ಆದರೆ ಅದನ್ನು ತೋರಿಸಲು ಪ್ಲೇಯರಿನಲ್ಲಿ ಕನ್ನಡದ ಅಕ್ಷರರೂಪಗಳಿರಬೇಕು. ಒತ್ತಕ್ಷರ, ಕಾಗುಣಿತಗಳನ್ನು ಕೂಡಿಸುವ ಜಾಣ್ಮೆಯೂ ಬೇಕು. ಅಗ್ಗದ ಎಷ್ಟೋ ಪ್ಲೇಯರುಗಳು ಹೆಸರಿನ ಬದಲು ಖಾಲಿ ಚೌಕಗಳನ್ನೇ ತೋರಿಸುವುವು. ಕನ್ನಡದ ಹೆಸರೊಂದನ್ನು ಹಾಕಿ ನೋಡಿಯೇ ಕೊಳ್ಳುವುದು ಉತ್ತಮ.

ಬಳಸುವಾಗಲೂ ಒಂದು ಎಚ್ಚರಿಕೆ ಅಗತ್ಯ. ಲಿನಕ್ಸ್ ತಾನು ಬರೆಯಬೇಕಾದುದನ್ನು ಕೆಲಕಾಲ ಸ್ವಂತ ಸ್ಮೃತಿಯಲ್ಲಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ನಕಲು ಮುಗಿದಂತೆ ಕಂಡರೂ ಕೆಲಸ ಮುಗಿದಿರದು. ಪರದೆಯಲ್ಲಿ ಬಿಡುಗಡೆಯ ಗುರುತನ್ನು ಒತ್ತಿ, ಅಪ್ಪಣೆ ಬಂದ ಮೇಲೆಯೇ ತಂತಿಯನ್ನು ತೆಗೆಯತಕ್ಕದ್ದು.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಅಂಗಡಿಯಲ್ಲಿ ಲಿನಕ್ಸ್ ಗಣಕವಿಲ್ಲದಿದ್ದರೆ ಪರೀಕ್ಷೆ ಹೇಗೆ? ವಿಂಡೋಸ್ ಗಣಕವೇ ಸಾಕು. ಪ್ಲೇಯರನ್ನು ಜೋಡಿಸಿದಾಗ ಅದಕ್ಕೆ ‘ಇ’ ಅಥವಾ ‘ಎಫ್’ ಎಂಬಂತೆ ಡ್ರೈವಿನ ಅಕ್ಷರ ದೊರೆತರೆ ಅದು ತೆರೆದ ಕಪಾಟು. ಅಕ್ಷರವಿಲ್ಲದೆ ಯಂತ್ರದ ಹೆಸರು ಮಾತ್ರ ಕಂಡರೆ ಎಂಟಿಪಿ ಎಂದು ಊಹಿಸಬಹುದು. ಡ್ರೈವು ಕಂಡರೆ ಅದರೊಳಕ್ಕೆ ಒಂದು ಹಾಡನ್ನು ನಕಲು ಮಾಡಿ, ತಂತಿ ಬಿಡಿಸಿ, ನುಡಿಸಿ ನೋಡಬೇಕು. ನುಡಿದರೆ ಪ್ರತ್ಯೇಕ ಪಟ್ಟಿಯ ಕಾಟವೂ ಇಲ್ಲವೆಂದಾಯಿತು. ಎರಡು ನಿಮಿಷಗಳ ಈ ಪರೀಕ್ಷೆಯು ಜಾಹೀರಾತಿನ ನೂರು ಮಾತುಗಳಿಗಿಂತ ಬೆಲೆಯುಳ್ಳದ್ದು.

ಹಳೆಯ ಪ್ಲೇಯರನ್ನು ಕೊಳ್ಳುವವರಿಗೆ ಮತ್ತೊಂದು ಅನುಕೂಲವುಂಟು. 2001ರಲ್ಲಿ ಆರಂಭವಾದ ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಪ್ಲೇಯರಿನ ಮೂಲ ತಂತ್ರಾಂಶದ ಸ್ಥಾನದಲ್ಲಿ ನಿಂತು ಕೆಲಸ ಮಾಡುತ್ತದೆ. ಸ್ಯಾನ್‌ಡಿಸ್ಕ್ ಕಂಪನಿಯ ಸಾನ್ಸಾ ಕ್ಲಿಪ್ ಪ್ಲಸ್, ಹಲವು ಐಪಾಡುಗಳು ಇದಕ್ಕೆ ಒಗ್ಗುತ್ತವೆ. ಐಪಾಡು ಸಹ ಆಗ ಪಟ್ಟಿಯ ಹಂಗು ತೊರೆದು ಸಾಮಾನ್ಯ ಫೋಲ್ಡರುಗಳಿಂದಲೇ ಹಾಡುತ್ತದೆ. ಓಗ್, ಫ್ಲಾಕ್‌ಗಳನ್ನೂ ಓದುತ್ತದೆ. ಆದರೆ ಕೊಳ್ಳಲಿರುವ ಮಾದರಿಯು ರಾಕ್‌ಬಾಕ್ಸಿನ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡತಕ್ಕದ್ದು. ಒಂದು ಮಾದರಿಗೆ ಬರೆದುದನ್ನು ಇನ್ನೊಂದಕ್ಕೆ ಹಾಕಿದರೆ ಯಂತ್ರವೇ ಕೆಟ್ಟೀತು.

ನಮ್ಮ ವಿದ್ಯಾರ್ಥಿಯ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಪ್ಲೇಯರಿನ ವ್ಯವಸ್ಥಾಪಟ್ಟಿಯನ್ನು ಒಂದೊಂದಾಗಿ ತಡಕುತ್ತ ಹೋದಾಗ ಕೊನೆಯಲ್ಲಿ ‘ಯುಎಸ್‌ಬಿ ವಿಧಾನ’ ಎಂಬ ಸಾಲು ಸಿಕ್ಕಿತು. ಅಲ್ಲಿ ಎಂಟಿಪಿ ಎಂದಿದ್ದುದನ್ನು ಎಂಎಸ್‌ಸಿ ಎಂದು ಬದಲಾಯಿಸಿ ಮತ್ತೆ ಜೋಡಿಸಿದೊಡನೆ ಗಣಕದ ಪರದೆಯ ಮೇಲೆ ಹೊಸ ಡಿಸ್ಕೊಂದು ಮೂಡಿತು! ಆ ಸಂಜೆಯೇ ಅವನ ಹಾಡುಗಳೆಲ್ಲ ಕಿಸೆಯನ್ನು ಸೇರಿದುವು. ಅವನದು ಅದೃಷ್ಟ, ಎಲ್ಲ ಪ್ಲೇಯರುಗಳಲ್ಲಿಯೂ ಅಂಥ ಸಾಲು ಇರುವುದಿಲ್ಲ. ಅದೃಷ್ಟವನ್ನು ನೆಚ್ಚದೆ ಕೊಳ್ಳುವ ಮುನ್ನವೇ ಕೇಳಿ ತಿಳಿಯುವುದು ಜಾಣರ ಲಕ್ಷಣವಲ್ಲವೆ?