ಫೆಲ್ಟು ಬಟ್ಟೆಯ ಹಣದ ಚೀಲ

ಹಣವನ್ನು ಸೆರಗಿನ ತುದಿಯಲ್ಲಿ ಗಂಟುಕಟ್ಟಿಕೊಳ್ಳುವ ಇಲ್ಲವೆ ಎಲೆಯಡಿಕೆಯ ಸಂಚಿಯಲ್ಲಿ ಬಚ್ಚಿಡುವ ವಾಡಿಕೆಯು ನಮ್ಮ ಹಿರಿಯ ಸ್ತ್ರೀಯರಲ್ಲಿ ಬಹುಕಾಲ ಇದ್ದಿತು. ಸ್ವಂತ ಸಂಪಾದನೆಯುಳ್ಳ ಹೆಣ್ಣುಮಕ್ಕಳು ಈಗ ಜಿಪ್ಪುಳ್ಳ ಚೀಲವನ್ನು ನಂಬಿ ಹೊರಡುತ್ತಾರೆ. ಅದರ ಹೊಲಿಗೆಯು ದಾರಿಯಲ್ಲಿ ಬಿಚ್ಚಿತೆಂದರೆ ತಿಂಗಳ ದುಡಿಮೆಯೇ ಮಣ್ಣುಪಾಲು. ಇಂಥ ಚೀಲವನ್ನು ಫೆಲ್ಟು ಬಟ್ಟೆಯಿಂದ ಮನೆಯಲ್ಲಿಯೇ ಭದ್ರವಾಗಿ ಹೊಲಿಯುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಇಲ್ಲಿ ವಿವರಿಸುತ್ತೇವೆ.

ಮೊದಲು ಬಟ್ಟೆಯ ಗುಣವನ್ನು ತಿಳಿಯಬೇಕು. ಫೆಲ್ಟು ಕಂಬಳಿಯಂತೆ ಮಗ್ಗದಲ್ಲಿ ನೆಯ್ದದ್ದಲ್ಲ. ಉಣ್ಣೆಯ ಎಳೆಗಳ ಮೈಮೇಲೆ ಅತಿ ಸೂಕ್ಷ್ಮವಾದ ಹುರುಪೆಗಳಿರುವವು; ತೇವ, ಶಾಖ, ತಿಕ್ಕಾಟ ಇವುಗಳಿಂದ ಆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಂತಾಗುವವು. ಕಾಶ್ಮೀರದ ನಮ್ದಾ ಎಂಬ ನೆಲಹಾಸು ಈ ಬಗೆಯದೇ. ಇದರಲ್ಲಿ ನೆಯ್ಗೆಯ ನೂಲುಗಳೇ ಇಲ್ಲದ್ದರಿಂದ ಕತ್ತರಿಸಿದ ಅಂಚು ಬಿಚ್ಚುವದಿಲ್ಲ, ಅದನ್ನು ಮಡಿಸುವ ಶ್ರಮವೂ ಇಲ್ಲ. ಅದೇ ಕಾರಣದಿಂದ ಭಾರ ಬಿದ್ದಲ್ಲಿ ಜಗ್ಗುವದು; ಸೂಜಿಯ ರಂಧ್ರಗಳು ಒತ್ತೊತ್ತಾಗಿದ್ದರೆ ಹರಿಯುವದು. ಆದಕಾರಣ ಹಣದ ಭಾರವನ್ನು ಒಳಗಿನ ಹತ್ತಿಯ ಬಟ್ಟೆಯೇ ಹೊರತಕ್ಕದ್ದು. ಫೆಲ್ಟು ಅದಕ್ಕೆ ಹೊದಿಕೆ ಮಾತ್ರ.

ಜಿಪ್ಪಿನ ಕಥೆಯೂ ತಿಳಿಯತಕ್ಕದ್ದೇ. ಅಮೇರಿಕದ ವಿಟ್‌ಕೂಂಬ್ ಜಡ್ಸನ್ ಎಂಬವನು 1893ರಲ್ಲಿ ಬೂಟುಗಳಿಗಾಗಿ ಕೊಕ್ಕೆಗಳ ಸಾಲೊಂದಕ್ಕೆ ಪೇಟೆಂಟು ಪಡೆದನು. ಅದು ಆಗಾಗ ಬಿಚ್ಚಿಕೊಳ್ಳುತ್ತಿದ್ದಿತು. ಸ್ವೀಡನ್ನಿನಲ್ಲಿ ಹುಟ್ಟಿದ ಗಿಡಿಯನ್ ಸುಂಡ್‌ಬ್ಯಾಕನು 1913ರಲ್ಲಿ ಹಲ್ಲುಗಳ ಮಾದರಿಯನ್ನು ರೂಪಿಸಿ, 1917ರಲ್ಲಿ ಪೇಟೆಂಟು ಪಡೆದನು. 1923ರಲ್ಲಿ ಗುಡ್ರಿಚ್ ಕಂಪೆನಿಯವರ ರಬ್ಬರು ಬೂಟುಗಳಿಂದ ‘ಜಿಪ್ಪರ್’ ಎಂಬ ಹೆಸರು ಬಳಕೆಗೆ ಬಂದಿತು. ರನ್ನರಿನೊಳಗೆ ಎರಡು ದಾರಿಗಳು ಕೂಡಿ ಒಂದಾಗುವವು. ಎರಡು ಪಟ್ಟಿಗಳ ಹಲ್ಲುಗಳು ಅಲ್ಲಿ ಓರೆಯಾಗಿ ಬಂದು ಒಂದರ ಸಂದಿನಲ್ಲಿ ಒಂದು ಕೂಡುವವು. ಬಟ್ಟೆಯು ಹಲ್ಲಿಗೆ ತೀರ ಸಮೀಪವಿದ್ದರೆ ಆ ದಾರಿಯಲ್ಲಿ ಸಿಕ್ಕಿಕೊಳ್ಳುವದು.

ಇನ್ನು ಹೊಲಿಯುವ ಕ್ರಮ. 500 ರೂಪಾಯಿಯ ನೋಟು 15 ಸೆಂಟಿಮೀಟರು ಉದ್ದವಿರುವದರಿಂದ 20 ಸೆಂಟಿಮೀಟರು ಉದ್ದ, 12 ಸೆಂಟಿಮೀಟರು ಅಗಲದ ಎರಡು ಫೆಲ್ಟು ತುಂಡುಗಳನ್ನು ಕತ್ತರಿಸಿರಿ. ಒಂದರಲ್ಲಿ, ಮೇಲಂಚಿನಿಂದ 2 ಸೆಂಟಿಮೀಟರು ಕೆಳಗೆ, 16 ಸೆಂಟಿಮೀಟರು ಉದ್ದ ಹಾಗೂ 1 ಸೆಂಟಿಮೀಟರು ಅಗಲದ ಕಿಂಡಿಯನ್ನು ಕೊರೆಯಿರಿ. ಪ್ಲಾಸ್ಟಿಕ್ ಸುರುಳಿಯ ಜಿಪ್ಪನ್ನು ಆರಿಸಿ, ರನ್ನರನ್ನು ನಡುವೆ ನಿಲ್ಲಿಸಿ, ಕಿಂಡಿಯ ಉದ್ದಕ್ಕೆ ಸರಿಯಾಗಿ ಎರಡು ಕೊನೆಗಳಲ್ಲಿಯೂ ಹಲ್ಲುಗಳ ಮೇಲೆ ದಾರವನ್ನು ಐದಾರು ಸಲ ಸುತ್ತಿ ಬಿಗಿಯಿರಿ. ಅನಂತರ ಆಚೀಚೆ 1 ಸೆಂಟಿಮೀಟರು ಬಿಟ್ಟು ಹೆಚ್ಚಿನದನ್ನು ಕತ್ತರಿಸಿರಿ. ಜಿಪ್ಪನ್ನು ಕಿಂಡಿಯ ಹಿಂದಿಟ್ಟು ಕಚ್ಚಾ ಹೊಲಿಗೆ ಹಾಕಿ, ಅಂಚಿನಿಂದ 3 ಮಿಲಿಮೀಟರು ದೂರದಲ್ಲಿ ಸುತ್ತಲೂ ಗಟ್ಟಿಯಾಗಿ ಹೊಲಿಯಿರಿ.

ಒಳಚೀಲಕ್ಕೆ 20 ಸೆಂಟಿಮೀಟರು ಅಗಲ, 17 ಸೆಂಟಿಮೀಟರು ಉದ್ದದ ಹತ್ತಿಯ ಬಟ್ಟೆ ಸಾಕು. ಅದರ ಉದ್ದವನ್ನು ಅರ್ಧಕ್ಕೆ ಮಡಿಸಿ, ಎರಡು ಪಕ್ಕಗಳನ್ನು 1 ಸೆಂಟಿಮೀಟರು ಒಳಗೆ ಎರಡು ಸಲ ಹೊಲಿಯಿರಿ. ಬಾಯಿಯ ಅಂಚನ್ನು 1 ಸೆಂಟಿಮೀಟರು ಹೊರಕ್ಕೆ ಮಡಿಸಿ, ಮಡಿಕೆಯು ಫೆಲ್ಟಿನ ಕಡೆಗಿರುವಂತೆ ಜಿಪ್ಪಿನ ಪಟ್ಟಿಗೇ ಸುತ್ತಲೂ ಹೆಮ್ಮಿಂಗ್ ಮಾಡಿರಿ. ಈ ಹೊಲಿಗೆಯೇ ಭಾರವನ್ನು ಹೊರುವದು. ಇಲ್ಲಿ ಅವಸರ ಸಲ್ಲದು. ಕಡೆಯಲ್ಲಿ ಎರಡನೆಯ ಫೆಲ್ಟು ತುಂಡನ್ನು ಹಿಂದಿಟ್ಟು, ಒಳಚೀಲವು ಸಿಕ್ಕದಂತೆ, ಕಂಬಳಿಯ ಅಂಚಿಗೆ ಹಾಕುವ ಹೊಲಿಗೆಯಿಂದ ನಾಲ್ಕು ಮಗ್ಗುಲನ್ನೂ ಮುಚ್ಚಿರಿ. ಹೊಲಿಗೆಗಳ ನಡುವೆ 4 ಮಿಲಿಮೀಟರು ಅಂತರವಿರಲಿ.

ಉಣ್ಣೆಯ ಫೆಲ್ಟನ್ನು ಬಿಸಿನೀರಿನಲ್ಲಿ ಒಗೆದರೆ ಕುಗ್ಗುವದು. ಅಂಗಡಿಗಳಲ್ಲಿ ಪಾಲಿಯೆಸ್ಟರ್ ಹಾಗೂ ಆಕ್ರಿಲಿಕ್ ಎಳೆಯ ಫೆಲ್ಟು ಸಹ ಸಿಕ್ಕುವದು; ಅದಕ್ಕೆ ಕಾದ ಇಸ್ತ್ರಿ ತಗಲಬಾರದು. ಎರಡನ್ನೂ ತಣ್ಣೀರಿನಲ್ಲಿ ಹಿಂಡದೆ ತೊಳೆಯುವದು ಕ್ಷೇಮ. ರನ್ನರ್ ಬಿಗಿಯಾದರೆ ಹಲ್ಲುಗಳ ಮೇಲೆ ಮೇಣದ ಬತ್ತಿಯನ್ನು ಉಜ್ಜಿರಿ. ಸವೆದ ರನ್ನರು ಹಲ್ಲುಗಳನ್ನು ಕೂಡಿಸದಿದ್ದರೆ, ಅದರ ಎರಡು ಪಕ್ಕಗಳನ್ನೂ ಇಕ್ಕಳದಿಂದ ಮೆಲ್ಲನೆ ಅದುಮಿದಲ್ಲಿ ಅನೇಕ ವೇಳೆ ಸರಿಹೋಗುವದು, ಚೀಲವನ್ನು ಎಸೆಯಬೇಕಾಗಿಲ್ಲ.

ತಾಯಂದಿರು ಮಗಳಿಗೆ ಚೀಲವನ್ನು ಒಪ್ಪಿಸುವ ಮುನ್ನ ಅದರಲ್ಲಿ ಒಂದು ಹಿಡಿ ನಾಣ್ಯಗಳನ್ನು ತುಂಬಿ ಚೆನ್ನಾಗಿ ಅಲುಗಿಸಿ ನೋಡಲಿ. ಒಳಹೊಲಿಗೆಯು ಜಗ್ಗದೆ ನಿಂತರೆ ನೋಟುಗಳನ್ನು ನಿಶ್ಚಿಂತೆಯಿಂದ ಇಡಬಹುದು. ಜಗ್ಗಿದರೆ ಅದನ್ನು ಬಿಚ್ಚಿ ಪುನಃ ಹೊಲಿಯಲು ಅರ್ಧ ಗಂಟೆ ಸಾಕು.